ನದೀತೀರಗಳ ಔಚಿತ್ಯವಿಚಾರ

ಕಾವ್ಯವನ್ನು ಪರೀಕ್ಷಿಸುವವನು ಅದರ ಅಲಂಕಾರಗಳನ್ನು ಎಣಿಸಿ ತೃಪ್ತನಾಗತಕ್ಕವನಲ್ಲವೆಂಬುದನ್ನು ಸಂಸ್ಕೃತದ ಲಾಕ್ಷಣಿಕರು ಬಹು ಹಿಂದೆಯೇ ನಿರ್ಣಯಿಸಿದರು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವಿಚಾರಚರ್ಚೆಯೆಂಬ ಗ್ರಂಥವನ್ನೇ ರಚಿಸಿ, ಯಾವುದು ಯಾವುದಕ್ಕೆ ತಕ್ಕುದೆಂಬ ವಿವೇಕವನ್ನು ಕಾವ್ಯದ ಪ್ರಾಣಸ್ಥಾನದಲ್ಲಿ ನಿಲ್ಲಿಸಿದನು. ಒಡವೆಯು ಎಷ್ಟೇ ಬೆಲೆಯುಳ್ಳುದಾಗಲಿ, ತಕ್ಕ ಅಂಗದಲ್ಲಿ ಇಲ್ಲದಿದ್ದರೆ ಶೋಭೆಯನ್ನುಂಟುಮಾಡದು. ಈ ವಿಚಾರವು ಕಾವ್ಯಕ್ಕೆ ಮಾತ್ರ ಸಲ್ಲುವುದೆಂದು ತಿಳಿಯಬೇಕಾದುದಿಲ್ಲ. ಮನುಷ್ಯನು ಪ್ರಕೃತಿಯ ಮೇಲೆ ಕೈಯಿಟ್ಟು ನಿರ್ಮಿಸಿದ ಎಲ್ಲ ಕೃತಿಗಳಿಗೂ ಇದು ಒರೆಗಲ್ಲಾಗಬಲ್ಲುದು. ನಗರಗಳ ನದೀತೀರಗಳಿಗಂತೂ ಇದಕ್ಕಿಂತ ಉತ್ತಮವಾದ ಒರೆಗಲ್ಲು ದೊರೆಯುವುದು ಕಷ್ಟ.

ಇತ್ತೀಚಿನ ದಶಕಗಳಲ್ಲಿ ಭರತಖಂಡದ ಅನೇಕ ಪಟ್ಟಣಗಳು ತಮ್ಮ ನದೀತೀರಗಳನ್ನು ಹೊಸದಾಗಿ ಕಟ್ಟಲು ಉದ್ಯುಕ್ತವಾಗಿವೆ. ಕಲ್ಲು ಹಾಸಿದ ವಿಹಾರಪಥ, ಉದ್ಯಾನ, ದೀಪಗಳ ಸಾಲು, ದೋಣಿಯ ಕಟ್ಟೆ—ಇವೆಲ್ಲ ಕಣ್ಣಿಗೆ ಹಿತವಾಗಿಯೇ ಕಾಣುತ್ತವೆ. ಆದರೆ ಇವುಗಳ ಬೆಲೆಯನ್ನು ಕಟ್ಟುವ ಬಗೆ ಯಾವುದು? ೧೯೯೨ರಲ್ಲಿ ಯುನೆಸ್ಕೋದ ವಿಶ್ವಪರಂಪರಾ ಸಮಿತಿಯು ‘ಸಾಂಸ್ಕೃತಿಕ ಭೂದೃಶ್ಯ’ವೆಂಬ ವರ್ಗವನ್ನು ಅಂಗೀಕರಿಸಿ, ಮನುಷ್ಯನೂ ಪ್ರಕೃತಿಯೂ ಕೂಡಿ ಮಾಡಿದುದನ್ನು ಒಂದೇ ಕೃತಿಯಾಗಿ ನೋಡಬೇಕೆಂದು ಸೂಚಿಸಿತು. ಸೂಚನೆಯು ಸಾಧುವಾದುದೇ. ಆದರೆ ನಿಂತಿರುವ ಕಲ್ಲನ್ನು ಅಳೆಯುವುದು ಸುಲಭ. ಹರಿಯುವ ಹೊಳೆಯನ್ನು ಅಳೆಯುವುದು ಕಷ್ಟ. ಆದಕಾರಣ ತೀರದ ಪರೀಕ್ಷೆಯು ಕಟ್ಟಡಗಳ ಪರೀಕ್ಷೆಯಾಗಿಯೇ ಮುಗಿದುಹೋಗುವ ಅಪಾಯವುಂಟು. ಕಾಶಿಯ ಗಂಗಾತೀರವನ್ನೂ ಅಹಮದಾಬಾದಿನ ಸಾಬರಮತೀತೀರವನ್ನೂ ಎದುರೆದುರಾಗಿ ಇಟ್ಟು ನೋಡಿದರೆ ಈ ಅಪಾಯದ ಸ್ವರೂಪವು ವಿಶದವಾಗುವುದು.

ಮೊದಲು ತೀರವೆಂದರೆ ಯಾವುದೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಧರ್ಮಶಾಸ್ತ್ರದ ನಿಬಂಧಕಾರರು ಗಂಗೆಯ ವಿಷಯದಲ್ಲಿ ಗರ್ಭ, ತೀರ, ಕ್ಷೇತ್ರ ಎಂದು ಮೂರು ವಿಭಾಗಗಳನ್ನು ವಿವೇಚಿಸಿದ್ದಾರೆ. ಭಾದ್ರಪದ ಕೃಷ್ಣ ಚತುರ್ದಶಿಯಂದು ನೀರು ಎಲ್ಲಿಯವರೆಗೆ ವ್ಯಾಪಿಸುವುದೋ ಅಲ್ಲಿಯವರೆಗೆ ನದಿಯ ಗರ್ಭ, ಅಲ್ಲಿಂದಾಚೆಗೆ ನೂರೈವತ್ತು ಮೊಳ ತೀರ, ತೀರದಿಂದಾಚೆಗೆ ಕ್ಷೇತ್ರ. ಈ ಲಕ್ಷಣವು ವಿಧಿನಿಷೇಧಗಳ ನಿರ್ಣಯಕ್ಕಾಗಿ ಹುಟ್ಟಿದುದು, ನಗರನಿರ್ಮಾಣಕ್ಕಾಗಿ ಅಲ್ಲ. ಆದರೂ ಅದರೊಳಗೆ ಅಡಗಿರುವ ಲೋಕಜ್ಞಾನವು ಗಮನಾರ್ಹವಾದುದು. ಬೇಸಗೆಯಲ್ಲಿ ಮರಳು ಒಣಗಿ ಕಂಡ ಮಾತ್ರಕ್ಕೆ ಅದು ಬರಿಯ ನೆಲವೆಂದು ಆ ಶಾಸ್ತ್ರಕಾರರು ಬಗೆಯಲಿಲ್ಲ. ನದಿಯ ಎಲ್ಲೆಯನ್ನು ಗೊತ್ತುಮಾಡುವ ಅಧಿಕಾರವು ನದಿಗೇ ಸೇರಿದುದು. ಆ ಅಧಿಕಾರವನ್ನು ಅದು ಚಲಾಯಿಸುವುದು ಬೇಸಗೆಯಲ್ಲಲ್ಲ, ತುಂಬಿ ಹರಿಯುವ ಭಾದ್ರಪದದಲ್ಲಿ. ಇಂದಿನ ಶಾಸ್ತ್ರಜ್ಞರು ನೆರೆಬಯಲೆಂದು ಕರೆಯುವುದನ್ನು ಹಿಂದಿನವರು ನದಿಯ ಗರ್ಭವೆಂದೇ ಕರೆದರು. ಹೆಸರಿನಲ್ಲಿ ಭೇದವಿದೆ, ವಸ್ತುವಿನಲ್ಲಿ ಭೇದವು ಅಲ್ಪ.

ಈ ಲಕ್ಷಣವನ್ನು ಹಿಡಿದು ಕಾಶಿಯನ್ನು ನೋಡಬೇಕು. ಅಲ್ಲಿ ಗಂಗೆಯು ಬಿಲ್ಲಿನಂತೆ ಬಾಗಿ ಉತ್ತರಾಭಿಮುಖವಾಗಿ ಹರಿಯುತ್ತಾಳೆ. ಪಶ್ಚಿಮದ ದಡವು ಸುಣ್ಣದ ಹರಳು ಬೆರೆತ ಗಟ್ಟಿಮಣ್ಣಿನ ಎತ್ತರವಾದ ದಿಬ್ಬ. ಪ್ರವಾಹವು ಬಂದು ತಾಗಿದರೂ ಅದನ್ನು ಬೇಗನೆ ಕೊರೆಯಲಾರದು. ಪೂರ್ವದ ದಡವಾದರೋ ತಗ್ಗಾದ ಮರಳು. ಮಳೆಗಾಲದಲ್ಲಿ ಜಲಮಯ, ನೀರಿಳಿದ ಮೇಲೆ ಬಟ್ಟಬಯಲು. ನಗರವು ಗಟ್ಟಿನೆಲದ ಮೇಲೆ ಮಾತ್ರ ನೆಲೆಸಿ, ಎದುರಿನ ಮರಳನ್ನು ನದಿಗೇ ಬಿಟ್ಟುಕೊಟ್ಟಿತು. ಅಸಿಯಿಂದ ವರಣೆಯವರೆಗೆ ೬ ಕಿಲೋಮೀಟರಿಗೂ ಮಿಕ್ಕ ಉದ್ದಕ್ಕೆ ಹಬ್ಬಿರುವ ಘಟ್ಟಗಳನ್ನು ೮೪ ಎಂದು ಎಣಿಸುವುದು ರೂಢಿ. ಅವುಗಳಲ್ಲಿ ಅನೇಕವು ಇಂದಿನ ಶಿಲಾರೂಪವನ್ನು ಪಡೆದುದು ಹದಿನೆಂಟನೆಯ ಶತಮಾನದಲ್ಲಿ, ವಿಶೇಷವಾಗಿ ಮರಾಠರ ಔದಾರ್ಯದಿಂದ. ಅಂಬೇರಿನ ಮಾನಸಿಂಹನ ಮಂದಿರವೂ ಅಲ್ಲಿದೆ. ಕನ್ನಡನಾಡಿನ ಹೆಸರನ್ನು ಹೊತ್ತ ಕರ್ಣಾಟಕ ಘಟ್ಟವೂ ಅಲ್ಲಿದೆ. ಕಟ್ಟಿಸಿದ ಕೈಗಳು ನೂರಾರಾದರೂ ಕೃತಿಯು ಒಂದೇ ಆಗಿ ಕಾಣುವುದಕ್ಕೆ ಕಾರಣವೇನು? ಎಲ್ಲರೂ ಒಂದೇ ಛಂದಸ್ಸನ್ನು ಅನುಸರಿಸಿದರು. ಆ ಛಂದಸ್ಸೇ ಸೋಪಾನ.

ಸೋಪಾನವು ನದಿಯ ಏರಿಳಿತವನ್ನು ಒಪ್ಪಿಕೊಂಡು ಹುಟ್ಟಿದ ಕಟ್ಟಡ. ನೀರು ಇಳಿದರೆ ಸ್ನಾನಾರ್ಥಿಯು ಇನ್ನಷ್ಟು ಮೆಟ್ಟಿಲುಗಳನ್ನಿಳಿದು ಅದನ್ನು ಮುಟ್ಟುತ್ತಾನೆ. ನೀರು ಏರಿದರೆ ಹಿಂದೆ ಸರಿದು ಎಡೆಗೊಡುತ್ತಾನೆ. ಪ್ರವಾಹಕಾಲದಲ್ಲಿ ಮಣಿಕರ್ಣಿಕೆಯ ಚಿತೆಗಳು ಮೇಲಿನ ಜಗಲಿಗೆ ಏರುತ್ತವೆ. ಸಾಯಂಕಾಲದ ಆರತಿಯು ಮಾಳಿಗೆಯ ಮೇಲೆ ನಡೆಯುತ್ತದೆ. ನೀರಿಳಿದ ಮೇಲೆ ಮೆಟ್ಟಿಲುಗಳಲ್ಲಿ ತುಂಬಿದ ಹೂಳನ್ನು ತೊಳೆದು ಕಾರ್ತಿಕದ ದೀಪಗಳಿಗೆ ಅಣಿಮಾಡುತ್ತಾರೆ. ೧೯೭೮ರ ಸೆಪ್ಟೆಂಬರ್ ೯ರಂದು ಕಾಶಿಯಲ್ಲಿ ಗಂಗೆಯು ೭೩.೯೦೧ ಮೀಟರಿನ ಮಟ್ಟಕ್ಕೆ ಏರಿದಳು. ಅಪಾಯದ ಮಟ್ಟವೆಂದು ಗೊತ್ತುಮಾಡಿರುವುದು ೭೧.೨೬೨ ಮೀಟರ್. ಆ ದಿನವು ಭಾದ್ರಪದ ಮಾಸದಲ್ಲಿಯೇ ಬಿದ್ದುದು ನಿಬಂಧಕಾರರ ಲಕ್ಷಣವನ್ನು ನೆನಪಿಗೆ ತರುತ್ತದೆ.

ರಸಗಂಗಾಧರದ ಕರ್ತೃವಾದ ಜಗನ್ನಾಥ ಪಂಡಿತರಾಜನ ವಿಷಯದಲ್ಲಿ ಒಂದು ಐತಿಹ್ಯವುಂಟು. ಬಹಿಷ್ಕೃತನಾದ ಆ ಕವಿಯು ಘಟ್ಟದ ಮೇಲಿನ ಮೆಟ್ಟಿಲಲ್ಲಿ ಕುಳಿತು ಗಂಗಾಲಹರಿಯನ್ನು ಹಾಡತೊಡಗಲು, ಒಂದೊಂದು ಶ್ಲೋಕಕ್ಕೆ ಒಂದೊಂದು ಮೆಟ್ಟಿಲಿನಂತೆ ಏರಿ ಬಂದ ಗಂಗೆಯು ಕಡೆಗೆ ಅವನನ್ನು ತನ್ನಲ್ಲಿ ಸೇರಿಸಿಕೊಂಡಳೆಂದು ಹೇಳುತ್ತಾರೆ. ಇದು ಚರಿತ್ರೆಯೋ ಅಲ್ಲವೋ ಎಂಬ ವಾದವು ಇಲ್ಲಿ ಅಪ್ರಕೃತ. ಇಂಥ ಕಥೆಯು ಹುಟ್ಟಬೇಕಾದರೆ ಏರುವ ನೀರೂ ಬೇಕು, ಏರಲು ಮೆಟ್ಟಿಲುಗಳೂ ಬೇಕು. ನೆಟ್ಟಗೆ ನಿಂತ ಗೋಡೆಯ ಮುಂದೆ, ಏರಿಳಿತವಿಲ್ಲದ ನೀರಿನ ಬಳಿಯಲ್ಲಿ, ಈ ಕಥೆಯು ಹುಟ್ಟುತ್ತಿರಲಿಲ್ಲ. ಪ್ರಕೃತಿಯ ಸಂಪತ್ತಿನಲ್ಲಿ ಸಂಸ್ಕೃತಿಯು ಬೇರೂರುವುದೆಂಬ ಮಾತಿಗೆ ಇದಕ್ಕಿಂತ ಸ್ಫುಟವಾದ ನಿದರ್ಶನವು ಬೇಕಾಗಿಲ್ಲ.

ಅಹಮದಾಬಾದಿನ ಸಾಬರಮತಿಯ ಪ್ರಕೃತಿಯೇ ಬೇರೆ. ಅದು ಮಳೆಗಾಲದಲ್ಲಿ ಉಕ್ಕಿ, ವರ್ಷದ ಬಹುಭಾಗದಲ್ಲಿ ಅಗಲವಾದ ಮರಳಿನ ನಡುವೆ ಸಣ್ಣ ಧಾರೆಯಾಗಿ ಹರಿಯುತ್ತಿದ್ದ ನದಿ. ಆ ಮರಳಿನಲ್ಲಿ ತರಕಾರಿಯ ಬೆಳೆ, ಅಗಸರ ಒಗೆತ, ಬಟ್ಟೆಗೆ ಬಣ್ಣ ಹಾಕುವವರ ಕೆಲಸ, ಭಾನುವಾರದ ಗುಜರಿ ಸಂತೆ ಇವೆಲ್ಲ ನಡೆಯುತ್ತಿದ್ದುವು. ಅದೇ ನದಿಯ ದಡದಲ್ಲಿ ೧೯೧೭ರಲ್ಲಿ ಗಾಂಧೀಜಿಯವರ ಆಶ್ರಮವು ನೆಲೆಗೊಂಡಿತು. ೧೯೩೦ರಲ್ಲಿ ದಾಂಡೀಯಾತ್ರೆಯು ಅಲ್ಲಿಂದಲೇ ಹೊರಟಿತು. ೧೯೯೭ರಲ್ಲಿ ಸ್ಥಾಪಿತವಾದ ನಿಗಮವೊಂದರ ಮೂಲಕ ಈ ತೀರವನ್ನು ಕಟ್ಟುವ ಯೋಜನೆಯು ಹೊರಟು, ೨೦೦೫ರಲ್ಲಿ ಕಾಮಗಾರಿಯು ಮೊದಲಾಯಿತು. ೨೦೧೨ರಲ್ಲಿ ನೀರಿನಂಚಿನ ವಿಹಾರಪಥವು ಜನರಿಗೆ ತೆರೆಯಲ್ಪಟ್ಟಿತು. ಎರಡೂ ದಡಗಳಲ್ಲಿ ೧೧ ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಗೋಡೆಗಳೆದ್ದುವು. ಒಂದೊಂದೆಡೆ ಒಂದೊಂದು ಅಗಲವಾಗಿದ್ದ ಪಾತ್ರವು ೨೬೩ ಮೀಟರಿನ ಏಕಪ್ರಕಾರವಾದ ಅಗಲಕ್ಕೆ ಬಂದಿತು. ಸುಮಾರು ೨೦೦ ಹೆಕ್ಟೇರ್ ಭೂಮಿಯು ನದಿಯಿಂದ ನಗರಕ್ಕೆ ಸೇರಿತು.

ಈ ಕೃತಿಯ ಗುಣಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ನಗರಕ್ಕೆ ಬೆನ್ನಾಗಿದ್ದ ತೀರವು ಮುಖವಾಯಿತು. ನದಿಗೆ ನೇರವಾಗಿ ಬೀಳುತ್ತಿದ್ದ ಕೊಳಚೆಯನ್ನು ತಡೆದು ಬೇರೆಡೆಗೆ ಸಾಗಿಸುವ ಕೊಳವೆಗಳನ್ನು ಹೂಳಲಾಯಿತು. ಬಡವನೂ ಧನಿಕನೂ ಒಂದೇ ಹಾದಿಯಲ್ಲಿ ಸಂಜೆ ನಡೆಯಬಲ್ಲರು. ಇಕ್ಕಟ್ಟಾದ ಪಟ್ಟಣದಲ್ಲಿ ಇದು ಅಲ್ಪಲಾಭವಲ್ಲ. ಕೃತಿಯ ಅಲಂಕಾರವು ನಿರ್ದುಷ್ಟವೆಂದೇ ಒಪ್ಪೋಣ. ಆದರೆ ಔಚಿತ್ಯದ ಪ್ರಶ್ನೆಯು ಇಲ್ಲಿಂದ ಮುಂದಕ್ಕೆ ಹುಟ್ಟುತ್ತದೆ. ಗೋಡೆಗಳ ನಡುವೆ ತುಂಬಿ ನಿಂತಿರುವ ನೀರು ಬಹುಮಟ್ಟಿಗೆ ಸಾಬರಮತಿಯದಲ್ಲ. ಅದು ಕಾಲುವೆಯ ಮೂಲಕ ಬಂದ ನರ್ಮದೆಯ ನೀರು, ೧೯೭೬ರಲ್ಲಿ ಕಟ್ಟಿದ ವಾಸಣೆಯ ಒಡ್ಡಿನಿಂದ ತಡೆಯಲ್ಪಟ್ಟು ನಿಂತುದು. ಒಡ್ಡಿನ ಕೆಳಗೆ ನದಿಯ ಸ್ಥಿತಿಯೇನೆಂಬುದು ೨೦೨೧ರಲ್ಲಿ ಗುಜರಾತಿನ ಉಚ್ಚನ್ಯಾಯಾಲಯವು ಮಾಲಿನ್ಯದ ವಿಷಯವನ್ನು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡುದರಿಂದ ತಿಳಿಯುತ್ತದೆ. ದಡದಲ್ಲಿ ಗುಡಿಸಲು ಹಾಕಿಕೊಂಡಿದ್ದ ಸಾವಿರಾರು ಕುಟುಂಬಗಳು ಬೇರೆಡೆಗೆ ಹೋದುವು. ಸಂತೆಗೆ ಹೊಸ ಕಟ್ಟೆಯು ದೊರೆಯಿತು, ಮರಳಿನ ಬೇಸಾಯಕ್ಕೆ ದೊರೆಯಲಿಲ್ಲ. ನದಿಯನ್ನು ನಂಬಿ ಹುಟ್ಟಿದ ವೃತ್ತಿಗಳು ಹೋಗಿ, ನದಿಯನ್ನು ನೋಡುವ ವೃತ್ತಿಯೊಂದೇ ಉಳಿಯಿತು. ಉದ್ಯಾನವಾಗಿ ಇದು ಶ್ಲಾಘ್ಯ. ನದೀತೀರವಾಗಿ ನೋಡಿದರೆ, ಉಪಮಾನವು ಉಳಿದು ಉಪಮೇಯವು ಲುಪ್ತವಾದಂತಾಗಿದೆ.

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು. ಕಾಶಿಯ ಘಟ್ಟವೂ ಕಲ್ಲಿನದೇ ಅಲ್ಲವೆ? ಮರಾಠರು ಕಟ್ಟಿದರೆ ಸಂಸ್ಕೃತಿ, ಇಂದಿನವರು ಕಟ್ಟಿದರೆ ಆಕ್ರಮಣ ಎನ್ನುವುದು ಹಳೆಯದರ ಮೇಲಣ ಮೋಹವಲ್ಲವೆ? ಆಕ್ಷೇಪವು ಬಲವಾದುದು, ಆದರೆ ಉತ್ತರವಿಲ್ಲದುದಲ್ಲ. ಭೇದವು ಪ್ರಾಚೀನತೆಯಲ್ಲಿಲ್ಲ. ಘಟ್ಟದ ಕಲ್ಲು ವರ್ಷವರ್ಷವೂ ನೀರಿನಲ್ಲಿ ಮುಳುಗಲು ಒಪ್ಪಿಕೊಂಡಿದೆ, ಎದುರುದಡವನ್ನು ನದಿಯ ಪಾಲಿಗೆ ಬಿಟ್ಟಿದೆ. ಗೋಡೆಯು ಎರಡೂ ದಡಗಳನ್ನು ಹಿಡಿದು, ನೀರಿಗೆ ಅಳತೆಯನ್ನು ತಾನೇ ವಿಧಿಸುತ್ತದೆ. ಹಳಬರೂ ತಪ್ಪಿದುದುಂಟು: ಸಿಂಧ್ಯಾ ಘಟ್ಟದ ಬಳಿ ವಾಲಿ ನಿಂತಿರುವ ಶಿವಾಲಯವನ್ನು ಈಗಲೂ ನೋಡಬಹುದು. ಪರಿಮಿತಿಯನ್ನು ಮೀರಿದ ಭಾರವನ್ನು ಆ ದಡವು ಹೊರಲಿಲ್ಲ.

ಇನ್ನು ಕಾಶಿಯು ತಾನೇ ಕಲಿಸಿದ ಪಾಠವನ್ನು ಕಾಶಿಯು ಉಳಿಸಿಕೊಂಡಿದೆಯೆ ಎಂಬುದೇ ಕಳವಳದ ಪ್ರಶ್ನೆ. ೧೯೮೬ರಲ್ಲಿ ಗಂಗಾ ಶುದ್ಧೀಕರಣದ ಮೊದಲ ಯೋಜನೆಯು ಅದೇ ಘಟ್ಟಗಳಲ್ಲಿ ಉದ್ಘಾಟಿತವಾಯಿತು. ೧೯೮೯ರಲ್ಲಿ ರಾಮನಗರದಿಂದ ಮಾಲವೀಯ ಸೇತುವೆಯವರೆಗಿನ ೭ ಕಿಲೋಮೀಟರ್ ಪ್ರವಾಹವು ಆಮೆಗಳ ಅಭಯಧಾಮವಾಗಿ ಘೋಷಿತವಾಯಿತು. ೨೦೨೦ರಲ್ಲಿ ಆ ಘೋಷಣೆಯು ಹಿಂತೆಗೆಯಲ್ಪಟ್ಟಿತು. ಮರುವರ್ಷವೇ ಪೂರ್ವದ ಮರಳಿನಲ್ಲಿ ಸುಮಾರು ೫ ಕಿಲೋಮೀಟರ್ ಉದ್ದದ ಕಾಲುವೆಯನ್ನು ತೋಡಿದರು. ಅದೇ ಮಳೆಗಾಲದ ಪ್ರವಾಹವು ಅದನ್ನು ಮರಳಿನಿಂದ ಮುಚ್ಚಿತು. ೨೦೨೩ರ ಜನವರಿಯಲ್ಲಿ ಅದೇ ಮರಳಿನ ಮೇಲೆ ಪ್ರವಾಸಿಗಳಿಗಾಗಿ ಡೇರೆಗಳ ಊರೊಂದು ಎದ್ದಿತು. ನಗರವು ಶತಮಾನಗಳ ಕಾಲ ಬರಿದಾಗಿ ಬಿಟ್ಟಿದ್ದ ದಡವು ಉಪಯೋಗವಿಲ್ಲದ ಭೂಮಿಯೆಂದು ಕೆಲವರಿಗೆ ತೋರತೊಡಗಿದೆ. ಕಾವ್ಯದಲ್ಲಿ ಹೇಳದೆ ಬಿಟ್ಟ ಮಾತಿನಿಂದಲೇ ಧ್ವನಿಯು ಹುಟ್ಟುವುದೆಂದು ತಿಳಿದವರು ಹೀಗೆ ಭಾವಿಸಲಾರರು. ಪಶ್ಚಿಮದ ಸೋಪಾನಗಳು ವಾಚ್ಯವಾದರೆ ಪೂರ್ವದ ಬಯಲು ವ್ಯಂಗ್ಯ. ಬಯಲನ್ನು ತುಂಬಿದರೆ ಬೆಳಗಿನ ಸೂರ್ಯನಿಗೆ ಎದುರಾಗಿ ನಿಂತ ಆ ನಗರದ ಅರ್ಥವೇ ಕುಂದುವುದು. ಪ್ರವಾಹಕ್ಕೆ ಹರಡಲು ಎಡೆಯಿಲ್ಲದೆ ಅದರ ಬಲವೆಲ್ಲ ಘಟ್ಟಗಳ ಬುಡಕ್ಕೇ ಬೀಳುವ ಭಯವೂ ಉಂಟು.

೨೦೨೧ರಲ್ಲಿ ಕಾಶಿಯ ನದೀತೀರವು ವಿಶ್ವಪರಂಪರೆಯ ಸಂಭಾವ್ಯ ಪಟ್ಟಿಯಲ್ಲಿ ಸೇರಿತು. ಪೂರ್ಣಪರೀಕ್ಷೆಯು ನಡೆಯುವಾಗ ಪರೀಕ್ಷಕರು ಮೂರು ಪ್ರಶ್ನೆಗಳನ್ನು ಕೇಳುವುದು ಯುಕ್ತ. ಭಾದ್ರಪದದ ನೀರಿಗೆ ಈ ತೀರವು ಎಡೆಯನ್ನು ಉಳಿಸಿದೆಯೆ? ಇಲ್ಲಿರುವ ನೀರು ಈ ನದಿಯದೇ, ಅದು ಮುಟ್ಟಲು ಯೋಗ್ಯವಾಗಿದೆಯೆ? ಈ ನದಿಯನ್ನು ಆಶ್ರಯಿಸಿದ ಆಚಾರ, ವೃತ್ತಿ, ಪ್ರಾಣಿಗಳು ಇಲ್ಲಿಯೇ ಬಾಳುತ್ತಿವೆಯೆ? ಈ ಮೂರಕ್ಕೂ ಹೌದೆಂಬ ಉತ್ತರವು ಬಂದಲ್ಲಿ ಮಾತ್ರ ಶಿಲ್ಪದ ಸೊಬಗನ್ನು ಎಣಿಕೆಗೆ ತೆಗೆದುಕೊಳ್ಳಬೇಕು. ಅಂಥ ಕ್ರಮದಲ್ಲಿ ನೋಡಿದರೆ ಸಾಬರಮತಿಯ ತೀರವು ಮೂರರಲ್ಲಿಯೂ ಹಿಂದೆ ಬೀಳುವುದು. ಕಾಶಿಯು ಮೊದಲನೆಯದರಲ್ಲಿ ಇನ್ನೂ ಗೆದ್ದು ನಿಂತಿದೆ, ಉಳಿದವುಗಳಲ್ಲಿ ತೊಡಕಿನಲ್ಲಿದೆ. ಎದುರುದಡದ ಮರಳು ಬರಿದಾಗಿ ಇರುವವರೆಗೆ ಆ ಗೆಲವು ಅದರದು.