ಲೇಬಲ್ಲಿಲ್ಲದ ಬಾಟಲಿಗಳು

ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲೇ ಬಿಯರ್ ಮಾಡುವ ನಾವು ಸೇರಿದಾಗ ಮೇಜಿನ ತುಂಬ ಲೇಬಲ್ಲಿಲ್ಲದ ಕಂದು ಬಾಟಲಿಗಳು. ಮುಚ್ಚಳದ ಮೇಲೆ ಪೆನ್ನಿನಲ್ಲಿ ಬರೆದ ಒಂದು ಸಂಖ್ಯೆ, ಅಷ್ಟೇ. ಕಂದು ಬಣ್ಣಕ್ಕೂ ಕಾರಣವಿದೆ: ಬೆಳಕು ತಾಗಿದರೆ ಹಾಪ್ಸ್ ಕೆಟ್ಟು ಬಿಯರ್ ನಾತ ಹೊಡೆಯುತ್ತದೆ.

ನನಗೆ ಬಹಳ ಇಷ್ಟವಾದದ್ದು ಸುರಿಯುವ ಗಳಿಗೆ. ಮುಚ್ಚಳ ಬಿಗಿಯುವ ಮುನ್ನ ಬೆರೆಸಿದ ಅರ್ಧ ಚಮಚ ಸಕ್ಕರೆಯನ್ನು ಎರಡು ವಾರದಲ್ಲಿ ಯೀಸ್ಟ್ ತಿಂದು, ಬಾಟಲಿಯೊಳಗೇ ಗುಳ್ಳೆ ತುಂಬಿರುತ್ತದೆ. ತಳದಲ್ಲಿ ತೆಳು ಗಸಿ. ಅದು ಕದಡದಂತೆ ಲೋಟ ಓರೆ ಮಾಡಿ ಸುರಿದು, ಕೊನೆಯ ಬೆರಳಗಲದಷ್ಟನ್ನು ಬಾಟಲಿಯಲ್ಲೇ ಬಿಡಬೇಕು. ತಿಳಿ ಬಿಯರಿನಿಂದ ಶುರು. ಹುರಿದ ಬಾರ್ಲಿಯ ಕಪ್ಪು ಸ್ಟೌಟ್ ಕೊನೆಗೆ. ಮೊದಲು ಮೂಗು, ಆಮೇಲೆ ನಾಲಿಗೆ. ಬೆಣ್ಣೆಯ ವಾಸನೆ ಬಂದರೆ ಹುದುಗು ಮುಗಿಯುವ ಮೊದಲೇ ಅವಸರ ಮಾಡಿರಬಹುದು. ಹಸಿರು ಸೇಬಿನ ವಾಸನೆ ಬಂದರೆ ಬಿಯರ್ ಇನ್ನೂ ಬಲಿತಿಲ್ಲ. ಇದನ್ನೆಲ್ಲ ಮಾಡಿದವರ ಎದುರೇ ಹೇಳುತ್ತೇವೆ, ಅವರು ಪ್ರೀತಿಯಿಂದ ಬರೆದುಕೊಳ್ಳುತ್ತಾರೆ. ದುಡ್ಡು ಕೊಟ್ಟು ಕೊಂಡ ಬಿಯರಿನ ಸುತ್ತ ಇಂಥ ಮಾತು ಹುಟ್ಟುವುದಿಲ್ಲ.

ಅಮೆರಿಕದಲ್ಲಿ ಮದ್ಯನಿಷೇಧ 1933ರಲ್ಲೇ ಮುಗಿದರೂ ಮನೆಯ ಬಿಯರಿಗೆ ಬಿಡುಗಡೆ ಸಿಗಲಿಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ ಅದಕ್ಕೆ ಅನುಮತಿ ಕೊಡುವ ಮಸೂದೆಗೆ ಸಹಿ ಹಾಕಿದ್ದು 1978ರಲ್ಲಿ. ಅದಕ್ಕೂ ಮೊದಲೇ, 1974ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಮಾಲ್ಟೋಸ್ ಫಾಲ್ಕನ್ಸ್ ಎಂಬ ಕೂಟ ಹುಟ್ಟಿತ್ತು. ಆ ಧೈರ್ಯ ದೊಡ್ಡದು. ಈಗ ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್‌ವರೆಗೆ ತೆರಿಗೆಯಿಲ್ಲ. ಮಾರುವಂತಿಲ್ಲ, ಹಾಗಾಗಿ ಒಬ್ಬರಿಗೊಬ್ಬರು ಕೊಟ್ಟು ಕುಡಿಯುತ್ತೇವೆ.

ಹೊರಡುವ ಮುನ್ನ ಖಾಲಿ ಬಾಟಲಿಗಳನ್ನು ತೊಳೆದು, ತಂದವರಿಗೇ ಹಿಂದಿರುಗಿಸುತ್ತೇವೆ.