ಗೇಟಿನಲ್ಲಿ ಇಳಿದವರ ದಾರಿ

ತಿಪಟೂರಿನಲ್ಲಿ ಹಳ್ಳಿ ಕಡೆಯ ಬಸ್ಸು ಹತ್ತಿದವರನ್ನು ಕಂಡಕ್ಟರು ಮೊದಲು ಕೇಳುವುದು, "ಗೇಟಿಗೋ, ಊರೊಳಕ್ಕೋ?" ಊರಿನ ದಾರಿ ದೊಡ್ಡ ರಸ್ತೆಗೆ ಬಂದು ಕೂಡುವ ಜಾಗಕ್ಕೆ ಈ ಸೀಮೆಯಲ್ಲಿ ಗೇಟು ಎಂದು ಹೆಸರು. ಅಲ್ಲಿ ಗೇಟೂ ಇಲ್ಲ, ಗೋಡೆಯೂ ಇಲ್ಲ. ಒಂದು ತಂಗುದಾಣ, ಒಂದು ಪೆಟ್ಟಿಗೆ ಅಂಗಡಿ, ಪುಣ್ಯವಿದ್ದರೆ ಒಂದು ಅರಳಿಕಟ್ಟೆ. ಕೆಲಸವಿದ್ದವರು ಊರೊಳಕ್ಕೇ ಟಿಕೆಟ್ ತಗೊಳ್ಳುತ್ತಾರೆ. ನಡಿಗೆಯ ರುಚಿ ಹತ್ತಿದವರು ಗೇಟಿನಲ್ಲಿ ಇಳಿಯುತ್ತಾರೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಮೊದಲ ಸಲ ನಡೆದವರಿಗೆ ಸ್ವಲ್ಪ ನಿರಾಸೆಯಾಗುವುದು ಸಹಜ. ಮಲೆನಾಡಿನಲ್ಲಾದರೆ ತಿರುವಿಗೊಂದು ಕಣಿವೆ, ಗುಡ್ಡಕ್ಕೊಂದು ಸೂರ್ಯಾಸ್ತ. ಇಲ್ಲಿ ನೆಲ ಬಹುಪಾಲು ಮಟ್ಟಸ. ಮರದ ಹಿಂದೆ ಮರ, ತೋಟದ ಹಿಂದೆ ತೋಟ. ಫೋಟೋ ತೆಗೆಯಹೊರಟರೆ ಕಂಬಗಳ ಸಾಲು ಬಿಟ್ಟು ಬೇರೇನೂ ಬೀಳುವುದಿಲ್ಲ. ತೋಟ ದೂರದ ನೋಟವನ್ನು ಕೊಡುವುದಿಲ್ಲ, ಹತ್ತಿರದ್ದನ್ನು ಓದಿಸುತ್ತದೆ. ಆ ಓದು ಬಂದಮೇಲೆ ಅರ್ಧ ಮೈಲಿಗೆ ಅರ್ಧ ದಿನ ಹಿಡಿಯುತ್ತದೆ.

ಓದನ್ನು ಒಂದೇ ಮರದಿಂದ ಶುರುಮಾಡಬಹುದು. ತೆಂಗಿನ ಮೈಮೇಲಿನ ಉಂಗುರಗಳು ಉದುರಿದ ಗರಿಗಳ ಗುರುತು. ಚೆನ್ನಾಗಿ ಬೆಳೆದ ಮರ ವರ್ಷಕ್ಕೆ ಹೆಚ್ಚುಕಡಿಮೆ 12 ಗರಿ ಬಿಡುತ್ತದೆ. ಹನ್ನೆರಡು ಉಂಗುರ ಎಣಿಸಿದರೆ ಒಂದು ವರ್ಷ ಎಣಿಸಿದ ಹಾಗೆ. ಮಾವು, ಹಲಸಿನಂತೆ ತೆಂಗಿನ ಕಾಂಡ ಆಮೇಲೆ ದಪ್ಪವಾಗುವುದಿಲ್ಲ. ಬರ ಬಿದ್ದ ವರ್ಷಗಳಲ್ಲಿ ಅದು ಸಣ್ಣಗಾದರೆ ಆ ಸಣ್ಣ ಸೊಂಟ ಮರ ಇರುವವರೆಗೂ ಹಾಗೇ ಇರುತ್ತದೆ. ಒಂದೇ ಎತ್ತರದ ನಾಲ್ಕೈದು ಮರಗಳು ಒಂದೇ ಮಟ್ಟದಲ್ಲಿ ಸೊರಗಿದ್ದರೆ, ತೋಟದ ಯಜಮಾನರನ್ನು ಕೇಳಿ ನೋಡಬೇಕು. ಯಾವ ವರ್ಷ ಬಾವಿ ಬತ್ತಿತು, ಯಾವ ವರ್ಷ ಟ್ಯಾಂಕರಿನಲ್ಲಿ ನೀರು ಹೊಡೆಸಿದರು ಎಂಬುದು ಅವರ ಬಾಯಲ್ಲೇ ಬರುತ್ತದೆ.

ಮೇಲಕ್ಕೆ ನೋಡಿದರೆ ಅದೇ ಮರ ಪಂಚಾಂಗ. ತಿಂಗಳಿಗೊಂದು ಹೊಂಬಾಳೆ, ಬಲಿಯಲು ಸುಮಾರು ವರ್ಷ. ಹಾಗಾಗಿ ಯಾವ ದಿನ ನೋಡಿದರೂ ಹೂವಿನಿಂದ ಒಣಕಾಯಿಯವರೆಗೆ ಇಡೀ ವರ್ಷ ಒಂದೇ ತಲೆಯಲ್ಲಿ ತೂಗುತ್ತಿರುತ್ತದೆ. (ನೋಡುವವರು ಗೊನೆಯ ನೇರ ಕೆಳಗೆ ನಿಲ್ಲದಿರುವುದು ಕ್ಷೇಮ. ಗರಿ ಹೇಳಿ ಬೀಳುವುದಿಲ್ಲ.)

ಕಣ್ಣಿನ ಪಾಠವಾದ ಮೇಲೆ ಕಿವಿಯದು. ತಿಪಟೂರಿನ ಹೆಸರು ನಿಂತಿರುವುದು ಉಂಡೆ ಕೊಬ್ಬರಿಯ ಮೇಲೆ. ಕರಾವಳಿಯಲ್ಲಿ ಕಾಯನ್ನು ಹೋಳು ಮಾಡಿ ಬಿಸಿಲಿಗೆ ಹಾಕಿದರೆ, ಇಲ್ಲಿ ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಎಂಟರಿಂದ ಹನ್ನೆರಡು ತಿಂಗಳು ಅದು ನೆರಳಿನಲ್ಲಿ ಸುಮ್ಮನೆ ಕೂರಬೇಕು. ಒಳಗಿನ ನೀರು ನಿಧಾನಕ್ಕೆ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ನೀರು ಕುಲುಕಿದರೆ ಇನ್ನೂ ಹೊತ್ತಿದೆ; ಗುಡುಗುಡು ಎಂದರೆ ಉಂಡೆ ಬಿಟ್ಟಿದೆ. ನಡೆಯುವ ದಾರಿಯಲ್ಲಿ ಕೊಬ್ಬರಿ ಸುಲಿಯುವ ಸದ್ದು ಕೇಳಿಸಿದರೆ ಅತ್ತ ಕಾಲು ಹಾಕಲೇಬೇಕು. ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ಮಟ್ಟೆ ಬಿಡಿಸುವ ಕೈಯ ಲಯ ನೋಡಿ ಮರೆಯುವಂಥದ್ದಲ್ಲ. ತಿಪಟೂರಿನ ಎಪಿಎಂಸಿ ಮಾರುಕಟ್ಟೆಯನ್ನು ಈ ನಡಿಗೆಗಳ ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ವರ್ಷದ ಮೌನವೆಲ್ಲ ಅಲ್ಲಿ ಚೀಲ ಸೇರಿ ದರಕ್ಕೆ ಕಾಯುತ್ತಿರುತ್ತದೆ.

ಹೀಗೆ ನೋಡಿ, ಕೇಳಿ ಸವಿಯುವವರಿಗೆ ಸಲ್ಲುವ ರಸಿಕ, ಸಹೃದಯ ಎಂಬ ಮಾತುಗಳು ಈ ನೆಲಕ್ಕೆ ಹೊರಗಿನವಲ್ಲ. ರಸ, ಧ್ವನಿಗಳ ವಿಚಾರವನ್ನು 'ಭಾರತೀಯ ಕಾವ್ಯಮೀಮಾಂಸೆ'ಯಲ್ಲಿ ಕನ್ನಡಿಗರಿಗೆ ತಿಳಿಯಾಗಿ ಕೊಟ್ಟ ತೀ.ನಂ. ಶ್ರೀಕಂಠಯ್ಯನವರ ಹೆಸರಿನ ಮೊದಲ ಅಕ್ಷರವೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ. ಅವರು ಅಲ್ಲಿ ಹುಟ್ಟಿದ್ದು 1906ರಲ್ಲಿ. ಬಿ.ಎಂ. ಶ್ರೀಕಂಠಯ್ಯನವರು 1884ರಲ್ಲಿ ಹುಟ್ಟಿದ ಸಂಪಿಗೆ ತುರುವೇಕೆರೆ ತಾಲ್ಲೂಕಿನದು. ಕನ್ನಡದ ಇಬ್ಬರು ಶ್ರೀಕಂಠಯ್ಯರ ಊರುಗಳನ್ನು ಹಳ್ಳಿ ಬಸ್ಸಿನಲ್ಲೇ ಮುಟ್ಟಬಹುದು.

ಎಲ್ಲಿಂದ ಶುರುಮಾಡುವುದು? ಹೊಸಬರಿಗೆ ನೊಣವಿನಕೆರೆ ಸರಿ. ತಿಪಟೂರು–ತುರುವೇಕೆರೆ ರಸ್ತೆಯ ಮೇಲೇ ಇರುವುದರಿಂದ ಬಸ್ಸಿಗೆ ತೊಂದರೆಯಿಲ್ಲ. ಬೇಟೆರಾಯಸ್ವಾಮಿ ಗುಡಿ ನೋಡಿಕೊಂಡು ಕೆರೆ ಏರಿ ಹತ್ತಿದರೆ, ತೋಟದೊಳಗೆ ಸಿಗದ ದೂರ ಇಲ್ಲಿ ಸಿಗುತ್ತದೆ. ಏರಿಯ ಒಂದು ಕಡೆ ನೀರು, ಇನ್ನೊಂದು ಕಡೆ ಅಚ್ಚುಕಟ್ಟು. ತೂಬು ಎಲ್ಲಿದೆ, ಕೋಡಿ ಎಲ್ಲಿ ಹರಿಯುತ್ತದೆ ಎಂದು ಹುಡುಕಿಕೊಂಡರೆ ತೆಂಗು, ಅಡಿಕೆ, ಗದ್ದೆಗಳು ಯಾಕೆ ಅಲ್ಲಲ್ಲೇ ನಿಂತಿವೆ ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ. ಹಿಂದೆ ತೆಂಗು ಕೆರೆಯ ಕೆಳಗೆ, ಬಾವಿಯ ಸುತ್ತ ಇತ್ತು. ರಾಗಿಯ ಹೊಲಕ್ಕೆ ಅದು ಹತ್ತಿದ್ದು ಕೊಳವೆಬಾವಿಯ ಹಿಂದೆ. ಬಾಗೂರು–ನವಿಲೆ ಸುರಂಗ ದಾಟಿ ಬರುವ ಹೇಮಾವತಿಯ ನೀರೂ ಈಗ ಈ ಲೆಕ್ಕದಲ್ಲಿ ಸೇರಿದೆ. ಏರಿಯ ಮೇಲೆ ನಿಂತವರಿಗೆ ಈ ಚರಿತ್ರೆಯೆಲ್ಲ ಹಸಿರಿನ ಬಣ್ಣದ ವ್ಯತ್ಯಾಸದಲ್ಲಿ ಕಾಣುತ್ತದೆ.

ಅದೇ ಸೀಮೆಯ ವಿಘ್ನಸಂತೆಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿದೆ. ಆದರೆ ಒಂದೇ ಊರಿನ ಗುಡಿ ನೋಡಲು ಹೊತ್ತಿದ್ದರೆ ಅರಳಗುಪ್ಪೆಗೇ ಹೋಗಬೇಕು. ಕೆ.ಬಿ. ಕ್ರಾಸ್‌ನಲ್ಲಿ ತಟ್ಟೆ ಇಡ್ಲಿ ತಿಂದು ಹೊರಟರೆ ತೋಟಗಳ ನಡುವೆ ನಡೆದೇ ತಲುಪಬಹುದು. ಸೋತವರಿಗೆ ಊರ ಹೆಸರಿನ ರೈಲು ನಿಲ್ದಾಣವೂ ಇದೆ. ಅರಳಗುಪ್ಪೆಯಲ್ಲಿ ಎರಡು ಗುಡಿ. ಹದಿಮೂರನೆಯ ಶತಮಾನದ ಚೆನ್ನಕೇಶವನದು ಹೊರಗೋಡೆಯ ತುಂಬ ಕೆತ್ತನೆ, ಶಿಲ್ಪಿ ಹೊನೋಜ. ಒಂಬತ್ತನೆಯ ಶತಮಾನದ ಕಲ್ಲೇಶ್ವರ ಹೊರಗಿನಿಂದ ಏನೂ ಅಲ್ಲ ಎನ್ನುವಂತೆ ಕೂತಿದೆ. ಒಳಗೆ ಹೋಗಿ ತಲೆಯೆತ್ತಿದರೆ ಚಾವಣಿಯಲ್ಲಿ ನಟರಾಜ, ಸುತ್ತ ಅಷ್ಟದಿಕ್ಪಾಲಕರು. ಬೆಳಗಿನಿಂದ ಮರದ ತಲೆ ನೋಡುತ್ತ ಬಂದ ಕುತ್ತಿಗೆಗೆ ಈ ಚಾವಣಿ ಹೊಸದೆನಿಸುವುದಿಲ್ಲ. ಕಾರಿನಲ್ಲಿ ಬಂದಿಳಿದವರಿಗೂ ನಡೆದು ಬಂದವರಿಗೂ ಕಲ್ಲೇಶ್ವರ ಒಂದೇ ಥರ ಕಾಣುತ್ತಾನೆಂದು ನಂಬುವುದು ಕಷ್ಟ.

ತುರುವೇಕೆರೆ ಊರೊಳಗೇ ಮುಗಿಯುವ ನಡಿಗೆ. ಮೂಲೆ ಶಂಕರೇಶ್ವರ, ಚೆನ್ನಿಗರಾಯ, ಗಂಗಾಧರೇಶ್ವರ, ಎಲ್ಲವೂ ಬಸ್‌ ಇಳಿದವರ ಕಾಲಳತೆಯಲ್ಲಿವೆ. ಗಂಗಾಧರೇಶ್ವರನ ಎದುರಿನ ಕರಿಕಲ್ಲಿನ ನಂದಿಯ ಹೊಳಪು ಕಂಡವರು ಒಮ್ಮೆ ಮುಟ್ಟಿ ನೋಡದೆ ಬಂದದ್ದು ಕಡಿಮೆ.

ಚಿಕ್ಕನಾಯಕನಹಳ್ಳಿಯದು ಬೇರೆ ರುಚಿ. ಹಾಗಲವಾಡಿ ನಾಯಕರ ಈ ಊರಿನ ಬೆನ್ನಿಗೆ ಬೆಟ್ಟದ ಸಾಲಿದೆ; ಮಾಸ್ತಿಯವರ ಕಾವ್ಯಕ್ಕೆ ಹೆಸರಾದ ಮದಲಿಂಗನ ಕಣಿವೆ ಆ ಸಾಲಿನದೇ. ಅದಿರು ತೆಗೆದ ಕೆಂಪು ಗಾಯಗಳೂ ಅಲ್ಲಿವೆ. ಗಣಿಯ ಕಡೆ ಹೋಗಬಾರದು. ಬುಡದ ಹಳ್ಳಿಗಳಲ್ಲಿ ನಡೆದರೆ ಸಾಕು. ತೋಟ ಎಲ್ಲಿಗೆ ನಿಂತು ಕುರುಚಲು ಎಲ್ಲಿಂದ ಶುರುವಾಗುತ್ತದೆ ಎಂಬ ಗೆರೆ ಅಲ್ಲಿ ಸ್ಪಷ್ಟ.

ಕಾಲದ ಮಾತು. ಕಾರ್ತಿಕದಿಂದ ಮಾಘದವರೆಗೆ ಬಿಸಿಲು ಹಿತ, ರಾಗಿ ಕೊಯ್ಲು, ಅವರೆಯ ಸೊಗಡು. ಮುಂಗಾರಿಗೆ ಮುಂಚಿನ ಮಳೆ ಬಿದ್ದ ಮೇಲೆ ಹೆಸರಿನ ಹೊಲಗಳು ಹಸಿರಾದಾಗಲೂ ಚೆನ್ನ. ಬೆಳಗಿನ ಮೊದಲ ಬಸ್ಸು ಹಿಡಿದರೆ ಗೀಜಗನ ಗೂಡಿನ ಗಲಾಟೆ, ಮರಕುಟಿಗನ ಕುಟ್ಟು ಉಚಿತ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸೂ ಉಚಿತ.

ಮರ್ಯಾದೆಯ ಮಾತೂ ಇದೆ. ಬಿದ್ದ ಕಾಯಿ ಬಿಟ್ಟಿ ಕಾಯಲ್ಲ, ಅದಕ್ಕೆ ಲೆಕ್ಕವಿದೆ. ಬೇಲಿ ದಾಟುವ ಮುಂಚೆ "ತೋಟದಲ್ಲಿ ಹಾದು ಹೋಗಬೋದಾ ಅಣ್ಣ?" ಎಂದು ಕೇಳಬೇಕು. "ಯಾವೂರು? ಯಾರ ಮನೆಗೆ?" ಎಂಬ ಮರುಪ್ರಶ್ನೆ ಬಂದೇ ಬರುತ್ತದೆ. "ಸುಮ್ನೆ ನೋಡ್ಕಂಡು ಹೋಗಾನ ಅಂತ" ಎಂದರೆ ಒಂದು ಗಳಿಗೆ ಅನುಮಾನ, ಆಮೇಲೆ ಬಹುಮಟ್ಟಿಗೆ ಎಳನೀರು.

ಗೇಟಿನಲ್ಲಿ ಇಳಿಯುವಾಗ ಎರಡು ಕೆಲಸ ಮರೆಯಬೇಡಿ. ವಾಪಸು ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕಂಡಕ್ಟರನ್ನೇ ಕೇಳಿಕೊಳ್ಳಿ. ಟಿಕೆಟ್ಟಿನ ಹಿಂದೆ ಬರೆದುಕೊಟ್ಟ ಚಿಲ್ಲರೆಯನ್ನೂ ಅಲ್ಲೇ ಇಸಕೊಳ್ಳಿ.