ಪ್ರಶಸ್ತಿಗಳ ಚರಿತ್ರೆ, ನೋಡುಗರ ಚರಿತ್ರೆ

ಕನ್ನಡದ ಹೊಸ ಅಲೆಯ ಸಿನಿಮಾಕ್ಕೂ ಅದನ್ನು ಬೆಳೆಸಿದ ಚಿತ್ರಸಮಾಜಗಳಿಗೂ ಈಗ ಅರ್ಧ ಶತಮಾನ ಸಂದಿದೆ. 'ಸಂಸ್ಕಾರ' ತಯಾರಾದದ್ದು 1970ರಲ್ಲಿ. ಬೆಂಗಳೂರಿನ ಸುಚಿತ್ರಾ ಫಿಲ್ಮ್ ಸೊಸೈಟಿ ಹುಟ್ಟಿದ್ದು 1971ರಲ್ಲಿ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ತನ್ನ ಚಿತ್ರಸಮಾಜವನ್ನು ಆರಂಭಿಸಿದ್ದು 1973ರಲ್ಲಿ. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' 1977ರದು. ಅದನ್ನು ಹೊಸದಾಗಿ ಸಂಸ್ಕರಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ಅಭಿಜಾತ ಚಿತ್ರಗಳ ವಿಭಾಗದಲ್ಲಿ ತೋರಿಸಿದ್ದು ಪತ್ರಿಕೆ ಓದುವವರಿಗೆಲ್ಲ ತಿಳಿದ ಸಂಗತಿ. ಐವತ್ತು ತುಂಬಿದಾಗ ನೆನಪಿನ ಉತ್ಸವಗಳು ನಡೆಯುವುದು ನ್ಯಾಯವೇ. ಅವುಗಳಲ್ಲಿ ನಾವು ಯಾವ ಚರಿತ್ರೆಯನ್ನು ಹೇಳಿಕೊಳ್ಳುತ್ತೇವೆ ಎಂಬುದರ ಬಗ್ಗೆ ನನ್ನದೊಂದು ತಕರಾರಿದೆ.

ಸಾಮಾನ್ಯವಾಗಿ ಹೇಳಲಾಗುವ ಚರಿತ್ರೆ ಸ್ವರ್ಣಕಮಲಗಳ ಪಟ್ಟಿ. 'ಸಂಸ್ಕಾರ', 'ಚೋಮನ ದುಡಿ', 'ಘಟಶ್ರಾದ್ಧ', ಮುಂದೆ 'ತಬರನ ಕಥೆ', 'ತಾಯಿಸಾಹೇಬ', 'ದ್ವೀಪ'. ನಿರ್ದೇಶಕರ ಹೆಸರು, ಇಸವಿ, ಪದಕ. ನಮ್ಮ ಹಳೆಯ ಪಠ್ಯಪುಸ್ತಕಗಳಲ್ಲಿ ರಾಜರ ಹೆಸರು ಮತ್ತು ಯುದ್ಧದ ಇಸವಿಗಳೇ ಇತಿಹಾಸವೆನಿಸಿದ್ದಂತೆ ಇದು. ಪದಕಗಳು ಸುಳ್ಳಲ್ಲ, ಚಿತ್ರಗಳೂ ಅದಕ್ಕೆ ಅರ್ಹವೇ. ಆದರೆ ಈ ಪಟ್ಟಿಯಲ್ಲಿ ಇಬ್ಬರು ಕಾಣುವುದಿಲ್ಲ: ಚಿತ್ರವನ್ನು ಕೂಡಿ ಮಾಡಿದ ಗೆಳೆಯರ ಗುಂಪು ಮತ್ತು ಅದನ್ನು ಕೂತು ನೋಡಿದ ಜನ. ಸ್ವತಂತ್ರ ಸಿನಿಮಾ ಎಂಬ ಮಾತಿಗೆ ಅರ್ಥ ಬರುವುದೇ ಈ ಇಬ್ಬರಿಂದ. ಸ್ಟುಡಿಯೋ ಮತ್ತು ಹಂಚಿಕೆದಾರನ ಹಂಗಿಲ್ಲದೆ ಚಿತ್ರ ಮಾಡಬಹುದು. ನೋಡುಗನ ಹಂಗಿಲ್ಲದೆ ಆಗದು.

ಮೊದಲು ಗೆಳೆಯರ ಗುಂಪಿನ ಮಾತು. 'ಸಂಸ್ಕಾರ' ಚಿತ್ರೀಕರಣವಾದದ್ದು ಶೃಂಗೇರಿಯ ಸಮೀಪದ ವೈಕುಂಠಪುರದಲ್ಲಿ. ಆದ್ದರಿಂದ ಅದನ್ನು ಮಲೆನಾಡಿನ ಕೂಸೆಂದು ನಾವು ಭಾವಿಸಿದ್ದೇವೆ. ಆದರೆ ಅದರ ಬೀಜ ಬಿದ್ದದ್ದು ಮದರಾಸಿನಲ್ಲಿ. ಗಿರೀಶ ಕಾರ್ನಾಡರು ಆಗ ಅಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಉದ್ಯೋಗದಲ್ಲಿದ್ದರು. ಮದ್ರಾಸ್ ಪ್ಲೇಯರ್ಸ್ ಎಂಬ ಇಂಗ್ಲಿಷ್ ನಾಟಕ ತಂಡದಲ್ಲಿ ಅವರಿಗೆ ಸ್ನೇಹಲತಾ ರೆಡ್ಡಿ, ಪಟ್ಟಾಭಿರಾಮ ರೆಡ್ಡಿ ದಂಪತಿಗಳ ಒಡನಾಟವಿತ್ತು. ಅನಂತಮೂರ್ತಿಯವರ ಕಾದಂಬರಿ 1965ರಲ್ಲಿ ಬಂದಿತ್ತು. ಚಿತ್ರಕಥೆ ಬರೆದವರು ಕಾರ್ನಾಡರು, ನಿರ್ದೇಶಿಸಿದವರು ಪಟ್ಟಾಭಿರಾಮ ರೆಡ್ಡಿಯವರು. ಅವರು ತೆಲುಗಿನ ಕವಿ. 1939ರಲ್ಲೇ 'ಫಿಡೇಲು ರಾಗಾಲ ಡಜನ್' ಎಂಬ ಸಂಕಲನದಿಂದ ತೆಲುಗು ಛಂದಸ್ಸಿನ ಸಂಪ್ರದಾಯವನ್ನು ಕೆಣಕಿದವರು. ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಕಲಾ ನಿರ್ದೇಶನ ಮದರಾಸಿನಲ್ಲಿ ಕಲಿತು ಚೋಳಮಂಡಲದ ಕಲಾವಿದರ ನಡುವೆ ಇದ್ದ ಎಸ್. ಜಿ. ವಾಸುದೇವ್ ಅವರದು. ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದು. ಸತ್ತು ಹೆಣವಾಗಿ ಮಲಗಿಯೂ ಇಡೀ ಅಗ್ರಹಾರವನ್ನು ಕಾಡುವ ನಾರಣಪ್ಪನಾದವರು ಪಿ. ಲಂಕೇಶ್.

ತೆಲುಗು, ಇಂಗ್ಲಿಷ್, ತಮಿಳುಗಳ ನಡುವೆ ಓಡಾಡುತ್ತಿದ್ದ ಒಂದು ಗುಂಪು ಕನ್ನಡದ ಹೊಸ ಚಿತ್ರಪರಂಪರೆಗೆ ಬಾಗಿಲು ತೆರೆಯಿತು. ಇದು ಆಕಸ್ಮಿಕವೂ ಅಲ್ಲ. 1934ರ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ತಯಾರಾದದ್ದು ಕೊಲ್ಲಾಪುರದಲ್ಲಿ. ಅನಂತರದ ಹಲವು ದಶಕಗಳ ಕಾಲ ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳನ್ನೇ ನೆಚ್ಚಿಕೊಂಡಿದ್ದವು. 'ಸಂಸ್ಕಾರ'ವನ್ನು ಮೊದಲು ತಡೆದದ್ದೂ ಮದರಾಸಿನ ಸೆನ್ಸಾರ್ ಮಂಡಳಿಯೇ; ಕೇಂದ್ರ ಸರ್ಕಾರದ ಮಟ್ಟದಲ್ಲಿ ಆ ತಡೆ ತೆರವಾದ ಮೇಲೆ ಚಿತ್ರ ಜನರ ಮುಂದೆ ಬಂತು, ಸ್ವರ್ಣಕಮಲವನ್ನೂ ಪಡೆಯಿತು. ಮನೆಯಲ್ಲಿ ಒಂದು ನುಡಿ, ಸಂತೆಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಆಡುವ ರಾಯಕೋಟೆ, ಹೊಸೂರು, ಕೃಷ್ಣಗಿರಿಯ ನಮ್ಮಂಥವರು ಈ ಚರಿತ್ರೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದಿತ್ತು. ಗಡಿಯಾಚೆಯ ಕನ್ನಡಿಗರೆಂದರೆ ಕರ್ನಾಟಕದಿಂದ ಸಹಾಯ ಬೇಡುವವರು ಎಂಬ ಭಾವನೆ ನಮ್ಮಲ್ಲೂ ಬೇರೂರಿರುವುದರಿಂದ ಹೇಳಿಕೊಂಡಿಲ್ಲ.

ಸ್ನೇಹಲತಾ ಅವರ ಬಗ್ಗೆ ಒಂದು ಮಾತು ಇಲ್ಲೇ ಸೇರಿಸಬೇಕು. ಚಂದ್ರಿಯ ಪಾತ್ರದಲ್ಲಿ ಅವರು ಮಾತಿಗಿಂತ ಮೌನದಲ್ಲಿ ಹೆಚ್ಚು ಹೇಳುತ್ತಾರೆ. ತುರ್ತುಪರಿಸ್ಥಿತಿಯಲ್ಲಿ ಅವರು ಸೆರೆಮನೆ ಸೇರಿದರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಪದಕಗಳ ಪಟ್ಟಿಯಲ್ಲಿ ಈ ವಿಷಯಕ್ಕೆ ಸ್ಥಳವಿಲ್ಲ.

ಇನ್ನು ನೋಡುಗರ ಮಾತು. ಚಿತ್ರಸಮಾಜ ಎಂದರೇನು ಎಂಬುದು ಇಂದಿನ ಯುವಕರಿಗೆ ತಿಳಿಸಿ ಹೇಳಬೇಕಾದ ಸಂಗತಿಯಾಗಿದೆ. ಕೈಯಲ್ಲಿರುವ ಫೋನಿನಲ್ಲೇ ಜಗತ್ತಿನ ಚಿತ್ರಗಳು ಸಿಗುವಾಗ, ಒಂದು ಚಿತ್ರಕ್ಕಾಗಿ ತಿಂಗಳು ಕಾಯುವುದು ಅವರಿಗೆ ನಂಬಲಾಗದ ಮಾತು. 1947ರಲ್ಲಿ ಸತ್ಯಜಿತ್ ರಾಯ್ ಮತ್ತು ಗೆಳೆಯರು ಕಲ್ಕತ್ತಾ ಫಿಲ್ಮ್ ಸೊಸೈಟಿಯನ್ನು ಕಟ್ಟಿದರು. 1959ರಲ್ಲಿ ದೇಶದ ಸೊಸೈಟಿಗಳೆಲ್ಲ ಸೇರಿ ಒಂದು ಒಕ್ಕೂಟವಾಯಿತು. ರಾಯ್ ಅವರೇ ಅದರ ಮೊದಲ ಅಧ್ಯಕ್ಷರು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಯಿತು. ಸದಸ್ಯರು ವರ್ಷಕ್ಕಿಷ್ಟು ಎಂದು ಚಂದಾ ಕೊಡುವುದು, ಸಂಗ್ರಹಾಲಯದಿಂದಲೋ ವಿದೇಶಿ ರಾಯಭಾರ ಕಚೇರಿಯಿಂದಲೋ ರೀಲಿನ ಡಬ್ಬಗಳನ್ನು ತರಿಸುವುದು, ಬಾಡಿಗೆ ಸಭಾಂಗಣದಲ್ಲಿ ಹದಿನಾರು ಎಂ.ಎಂ. ಪ್ರೊಜೆಕ್ಟರ್ ಇಟ್ಟು ತೋರಿಸುವುದು, ಮುಗಿದ ಮೇಲೆ ಕೂತು ಮಾತಾಡುವುದು. ಈ ಕೊನೆಯ ಕೆಲಸಕ್ಕಾಗಿಯೇ ಮಿಕ್ಕ ಶ್ರಮವೆಲ್ಲ ಎಂದು ನಾನು ಭಾವಿಸುತ್ತೇನೆ.

ಸುಚಿತ್ರಾ ಈ ಕೆಲಸವನ್ನು ನಗರದಲ್ಲಿ ನಿಷ್ಠೆಯಿಂದ ಮಾಡಿತು, ಬನಶಂಕರಿಯಲ್ಲಿ ತನ್ನದೇ ಮನೆ ಕಟ್ಟಿಕೊಂಡಿತು. 2006ರಲ್ಲಿ ಆರಂಭವಾದ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದ ಹಿಂದೆಯೂ ಅದರ ಶ್ರಮವಿದೆ. ಆದರೆ ನನ್ನ ದೃಷ್ಟಿಯಲ್ಲಿ ಹೆಚ್ಚು ಕಠಿಣವಾದ ಪ್ರಯೋಗ ನಡೆದದ್ದು ಹೆಗ್ಗೋಡಿನಲ್ಲಿ. ಅಡಿಕೆ ತೋಟಗಳ ನಡುವಿನ ಒಂದು ಸಣ್ಣ ಹಳ್ಳಿ. 1949ರಲ್ಲಿ ಶುರುವಾದ ನಾಟಕ ಸಂಘ. ಕೆ. ವಿ. ಸುಬ್ಬಣ್ಣನವರು ಅಲ್ಲಿ ರಾಯ್ ಅವರ 'ಪಥೇರ್ ಪಾಂಚಾಲಿ'ಯನ್ನೂ ಹೊರದೇಶಗಳ ಶ್ರೇಷ್ಠ ಚಿತ್ರಗಳನ್ನೂ ರೈತರಿಗೆ, ಕೂಲಿಯವರಿಗೆ, ಗೃಹಿಣಿಯರಿಗೆ ತೋರಿಸಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕ ಸತೀಶ್ ಬಹಾದೂರರನ್ನು ಕರೆಸಿ ಚಿತ್ರ ರಸಗ್ರಹಣ ಶಿಬಿರಗಳನ್ನು ನಡೆಸಿದರು. ಸಿನಿಮಾ ಕುರಿತು ಕನ್ನಡದಲ್ಲಿ ಪುಸ್ತಕಗಳನ್ನು ತಂದರು. 1980ರ ದಶಕದಲ್ಲಿ 'ಜನಸ್ಪಂದನ' ಯೋಜನೆಯ ಮೂಲಕ ನಾಟಕ, ಚಲನಚಿತ್ರಗಳನ್ನು ರಾಜ್ಯದ ಇತರ ಹಳ್ಳಿಗಳಿಗೂ ಕೊಂಡೊಯ್ದರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಈ ಪ್ರಶಸ್ತಿಯನ್ನು ನಾನು ಎತ್ತಿ ಹೇಳುವುದಕ್ಕೆ ಕಾರಣವಿದೆ: ಅದು ಬಂದದ್ದು ಚಿತ್ರ ಮಾಡಿದ್ದಕ್ಕಲ್ಲ, ಹಳ್ಳಿಯ ಜನರ ನಡುವೆ ಕಲೆಯ ಅಭಿರುಚಿಯನ್ನು ಬೆಳೆಸಿದ್ದಕ್ಕೆ.

ಹಳ್ಳಿಯವರಿಗೆ ಇಂಥ ಚಿತ್ರ ಅರ್ಥವಾದೀತೇ ಎಂಬ ಪ್ರಶ್ನೆ ಆಗಲೂ ಇತ್ತು, ಈಗಲೂ ಇದೆ. ಬಯಲಾಟವನ್ನು ರಾತ್ರಿಯಿಡೀ ಕೂತು ನೋಡಿ, ಭಾಗವತ ಎಲ್ಲಿ ತಾಳ ತಪ್ಪಿದನೆಂದು ಬೆಳಿಗ್ಗೆ ಹೇಳಬಲ್ಲ ಜನ ಒಂದು ಚಿತ್ರದ ಮೌನವನ್ನು ಗ್ರಹಿಸಲಾರರೆಂಬುದು ಓದಿದವರ ಅಹಂಕಾರ.

ಆ ಕಾಲದ ಚಿತ್ರಗಳನ್ನೇ ಗಮನಿಸಿದರೆ ನೋಡುಗನ ಪ್ರಶ್ನೆ ಅವುಗಳ ಒಳಗೇ ಇರುವುದು ಕಾಣುತ್ತದೆ. ಕಾರ್ನಾಡರ 'ಕಾಡು' 1973ರಲ್ಲಿ ಬಂತು; ಮೂಲ ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ. ಎರಡು ಊರುಗಳ ವೈರದ ಕಥೆ. ಅದರಲ್ಲೊಂದರ ಹೆಸರು ಹೊಸೂರು. ನಮ್ಮದಲ್ಲ, ಆದರೂ ಆ ಹೆಸರು ಕೇಳಿದಾಗ ನಮ್ಮವರು ತಿರುಗಿ ನೋಡದಿರಲಾರರು. ಇಡೀ ಕಥೆಯನ್ನು ಕಿಟ್ಟಿ ಎಂಬ ಹುಡುಗ ನೋಡುತ್ತಾನೆ. ಚಂದ್ರೇಗೌಡ ರಾತ್ರಿ ಎಲ್ಲಿಗೆ ಹೋಗುತ್ತಾನೆ, ಕಮಲಿ ಏಕೆ ಅಳುತ್ತಾಳೆ ಎಂಬುದು ಅವನಿಗೆ ಪೂರ್ತಿ ತಿಳಿಯದು. ತಿಳಿದ ನಮಗೆ, ತಿಳಿಯದ ಅವನ ಮುಖವನ್ನು ನೋಡುವುದೇ ಚಿತ್ರದ ಮುಖ್ಯ ಅನುಭವ. ಕಾಡಿನಲ್ಲಿ ಹೆಸರು ಹಿಡಿದು ಕರೆಯುವ ಹಕ್ಕಿಯ ಭಯವೂ ಊರಿನ ಜನರ ಭಯವೂ ಆ ಮಗುವಿನ ಮನಸ್ಸಿನಲ್ಲಿ ಒಂದಾಗಿಬಿಡುತ್ತವೆ.

'ಘಟಶ್ರಾದ್ಧ'ದ ನಾಣಿಯೂ ಅಂಥವನೇ. ಉಡುಪರ ವೇದಪಾಠಶಾಲೆಗೆ ಹೊಸದಾಗಿ ಬಂದ, ಮನೆಯ ನೆನಪಿಗೆ ಅಳುವ ಹುಡುಗ. ಅವನನ್ನು ಅಕ್ಕರೆಯಿಂದ ಕಂಡವಳು ಉಡುಪರ ವಿಧವೆ ಮಗಳು ಯಮುನಕ್ಕ. ಆಕೆ ಬಸುರಿಯಾದದ್ದು, ಹಾವಿನ ಹುತ್ತಕ್ಕೆ ಕೈಯಿಟ್ಟು ಸಾಯಲು ನೋಡಿದ್ದು, ಕೊನೆಗೆ ಬದುಕಿರುವಾಗಲೇ ಅವಳಿಗೆ ಶ್ರಾದ್ಧ ಮಾಡಿ ಜಾತಿಯಿಂದ ಹೊರಹಾಕಿದ್ದು ಎಲ್ಲವೂ ಅವನ ಕಣ್ಣಳತೆಯಲ್ಲಿ ನಡೆಯುತ್ತದೆ. ಚಿತ್ರ ಯಾರನ್ನೂ ಬಯ್ಯುವುದಿಲ್ಲ. ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತ ಯಮುನಕ್ಕನನ್ನು, ಅಪ್ಪನ ಜೊತೆ ಊರಿಗೆ ಹೊರಟ ನಾಣಿ ತಿರುಗಿ ನೋಡುತ್ತಾನೆ. ಅವನಿಗೆ ಏನೂ ಮಾಡಲಾಗದು. ಅನುಕಂಪ ಮತ್ತು ಅಸಹಾಯಕತೆ ಎರಡನ್ನೂ ಒಂದೇ ನೋಟದಲ್ಲಿ ಹಿಡಿದ ಇಂಥ ಕೊನೆ ಕನ್ನಡ ಸಿನಿಮಾದಲ್ಲಿ ಅಪರೂಪ. 'ಸಂಸ್ಕಾರ'ಕ್ಕಿಂತ ಇದನ್ನು ನಾನು ಮೇಲಿನ ಕೃತಿಯೆಂದು ಎಣಿಸುವುದು ಈ ಕಾರಣಕ್ಕೆ. 'ಸಂಸ್ಕಾರ'ದಲ್ಲಿ ವಿಚಾರ ದೊಡ್ಡದು, ಆದರೆ ಅನೇಕ ಕಡೆ ಪಾತ್ರಗಳು ವಿಚಾರದ ಪರವಾಗಿ ಮಾತಾಡುತ್ತವೆ. ಅಗ್ರಹಾರದ ಕಥೆಗಳೇ ಹೊಸ ಅಲೆಯನ್ನು ಬಹುಪಾಲು ತುಂಬಿದವೆಂಬ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ. 'ಕಾಡು', 'ಚೋಮನ ದುಡಿ' ಇದ್ದರೂ ಆ ತಕ್ಕಡಿ ಒಂದು ಕಡೆಗೆ ವಾಲಿದ್ದು ನಿಜ.

ನೋಡುಗರನ್ನು ನಂಬಿ ಹೊರಟ ಇನ್ನೊಂದು ಉದಾಹರಣೆ ಪಕ್ಕದ ಕೇರಳದಲ್ಲಿದೆ. ಜಾನ್ ಅಬ್ರಹಾಂ ಮತ್ತು ಅವರ ಒಡೆಸ್ಸಾ ಬಳಗ ಜನರಿಂದಲೇ ಸಣ್ಣಸಣ್ಣ ಮೊತ್ತ ಎತ್ತಿ 1986ರಲ್ಲಿ 'ಅಮ್ಮ ಅರಿಯಾನ್' ಮಾಡಿ, ಊರೂರಿಗೆ ಕೊಂಡೊಯ್ದು ತೋರಿಸಿತು. ನಮ್ಮಲ್ಲಿ 2013ರ 'ಲೂಸಿಯಾ'ಕ್ಕೂ ಪ್ರೇಕ್ಷಕರೇ ಹಣ ಹಾಕಿದರು. ಆದರೆ ಅಲ್ಲಿ ಪ್ರೇಕ್ಷಕ ಪಾಲುದಾರನಾದ, ಸಮಾಜವಾಗಲಿಲ್ಲ. 'ತಿಥಿ'ಯ ದಾರಿ ಬೇರೆ. ಮಂಡ್ಯ ಸೀಮೆಯ ಹಳ್ಳಿಯವರೇ ನಟರು, ಅವರ ಮಾತೇ ಸಂಭಾಷಣೆ. ಅದು 2015ರಲ್ಲಿ ಲೊಕಾರ್ನೋದಲ್ಲಿ ಪ್ರಶಸ್ತಿ ಪಡೆದು, ಮರುವರ್ಷ ನಮ್ಮ ಚಿತ್ರಮಂದಿರಗಳಲ್ಲೂ ಜನ ನಗುನಗುತ್ತ ನೋಡುವಂತಾಯಿತು. ಗಡ್ಡಪ್ಪನ ಮಾತಿನ ಲಯಕ್ಕೆ ಯಾವ ವ್ಯಾಕರಣ ಪುಸ್ತಕದ ಅಪ್ಪಣೆಯೂ ಬೇಕಾಗಲಿಲ್ಲ. ತಮಿಳು, ತೆಲುಗು ಬೆರೆತ ನಮ್ಮ ಬಾರಾಮಹಲ್ ಸೀಮೆಯ ಕನ್ನಡ ಮಾತ್ರ ನಾನು ನೋಡಿದ ಯಾವ ಚಿತ್ರದಲ್ಲೂ ಕೇಳಿಸಿಲ್ಲ. ನಮ್ಮ ನುಡಿ ಶುದ್ಧವಲ್ಲವೆಂಬ ಸಂಕೋಚವನ್ನು 'ತಿಥಿ' ನೋಡಿದ ಮೇಲಾದರೂ ಬಿಡಬಹುದು.

ಇಷ್ಟೆಲ್ಲ ಹೇಳಲು ಕಾರಣ ನಮ್ಮ ಮಕ್ಕಳು. 2006ರ ಕಾಯ್ದೆಯಂತೆ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಕಲಿಕೆ ಕಡ್ಡಾಯ. ಅದರ ಸರಿತಪ್ಪು ಈ ಲೇಖನದ ವಿಷಯವಲ್ಲ. ಇದ್ದ ನಾಡಿನ ಭಾಷೆ ಕಲಿಯುವುದು ತಪ್ಪೆಂದು ಯಾವ ಉಪಾಧ್ಯಾಯನೂ ಹೇಳಲಾರ. ಆದರೆ ಫಲವೇನೆಂದರೆ, ಮನೆಯಲ್ಲಿ ಅಜ್ಜಿಯೊಡನೆ ಸರಾಗವಾಗಿ ಕನ್ನಡ ಆಡುವ ಮಗು ಕನ್ನಡದ ಒಂದು ಪುಟ ಓದಲು ತಡವರಿಸುತ್ತದೆ. ಅಂಥ ಮಗುವಿಗೆ ಆಲನಹಳ್ಳಿಯವರ ಕಾದಂಬರಿ ಮುಚ್ಚಿದ ಬಾಗಿಲು. ಕಿಟ್ಟಿಯ ಮುಖ ಮುಚ್ಚಿದ ಬಾಗಿಲಲ್ಲ. ಕಣ್ಣು ಕಿವಿಗಳ ಮೂಲಕ ಸಾಹಿತ್ಯದ ಹತ್ತಿರ ಬರಲು ಅವರಿಗೆ ಈ ಒಂದು ದಾರಿ ಇನ್ನೂ ತೆರೆದಿದೆ. ರಾಜ್ಯೋತ್ಸವದ ದಿನ ಧ್ವಜ, ಹಾಡು, ಸನ್ಮಾನ, ರಾತ್ರಿಗೆ ಒಂದು ಜನಪ್ರಿಯ ಚಿತ್ರ ಎಂಬ ನಮ್ಮ ಸಂಘಗಳ ಪದ್ಧತಿಯಲ್ಲಿ ಚಿತ್ರ ಮುಗಿದ ಕೂಡಲೇ ಜಮಖಾನ ಮಡಚುವುದೇ ಆತುರ. ಮಾತಿಗೆ ಕಾಲು ಗಂಟೆಯೂ ಉಳಿಯದು.

ಹೊಸೂರಿಗೆ ಬೆಂಗಳೂರು ಬರಿಯ ನಲವತ್ತು ಕಿಲೋಮೀಟರು. ರಾಯಕೋಟೆಗೆ ರೈಲೂ ಇದೆ. ಆದರೂ ಚಿತ್ರಸಮಾಜವನ್ನು ಬೆಂಗಳೂರಿನಿಂದ ತರಿಸಬೇಕಾಗಿಲ್ಲ. ಸಂಘದ ಕೊಠಡಿ, ಶಾಲೆಯಿಂದ ಕೇಳಿ ಪಡೆಯಬಹುದಾದ ಪ್ರೊಜೆಕ್ಟರ್, ಬಿಳಿಯ ಗೋಡೆ, ಹಕ್ಕಿನವರ ಅನುಮತಿ, ತಿಂಗಳಿಗೊಂದು ಭಾನುವಾರ. ಮೊದಲ ಚಿತ್ರ 'ಕಾಡು' ಆಗಲಿ. ಆರಂಭದಲ್ಲಿ ಭಾಷಣ ಬೇಡ. ಕಥೆಯ ಹಿನ್ನೆಲೆಯನ್ನು ಯಾರಾದರೂ ಐದು ನಿಮಿಷ ಹೇಳಿದರೆ ಸಾಕು. ಮುಗಿದ ಮೇಲೆ ದೀಪ ಹಾಕಿ, ಹಿರಿಯರು ಸುಮ್ಮನಿದ್ದು, ಕಿಟ್ಟಿ ಏನನ್ನು ನೋಡಿದ ಎಂದು ಮೊದಲು ಮಕ್ಕಳನ್ನು ಕೇಳಬೇಕು. ಉತ್ತರ ಅರ್ಧ ತಮಿಳಿನಲ್ಲಿ ಬಂದರೆ ತಿದ್ದಬಾರದು.